‘ಬೆಳೆ’ ಎಂಬ ಮಾತು

ಕ್ರಮಕ್ರಮವಾಗಿ ವೃದ್ಧಿಹೊಂದುವುದನ್ನು ಹೇಳಲು ನಮ್ಮ ನುಡಿಯಲ್ಲಿ ಹಲವು ಮಾತುಗಳುಂಟು. ಅಭಿವೃದ್ಧಿ, ವಿಕಾಸ ಎಂಬಿವು ಸಂಸ್ಕೃತದಿಂದ ಬಂದವು. ವಿಕಾಸವೆಂದರೆ ಅರಳುವಿಕೆ, ಮೊಗ್ಗಿನೊಳಗೆ ಮಡಿಸಿಟ್ಟ ಎಸಳುಗಳು ಬಿಚ್ಚಿಕೊಳ್ಳುವುದು. ಇಂಗ್ಲಿಷಿನ ಇವೊಲ್ಯೂಷನ್ ಎಂಬ ಶಬ್ದದ ಮೂಲವೂ ಇದಕ್ಕೆ ಸಮೀಪವಾದದ್ದೇ. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಸುರುಳಿಯನ್ನು ಬಿಚ್ಚುವುದೆಂದು ಅರ್ಥ. ಆದರೆ ಮಟಕಿಯ ಎರೆಹೊಲಗಳ ಬದುವಿನ ಮೇಲೆ ಆಡಿಕೊಂಡಿದ್ದ ನಮ್ಮ ಕಿವಿಗೆ ಮೊದಲು ಬಿದ್ದದ್ದು ಇವಾವುವೂ ಅಲ್ಲ. ‘ಬೆಳೆ’ ಎಂಬ ಮಾತು. ಅದನ್ನು ಕುರಿತು ಈ ಸಂಚಿಕೆಯಲ್ಲಿ ಬರೆಯಲು ನಮಗೊಂದು ಕಾರಣವುಂಟು.

ಬೆಳೆ ಅಚ್ಚಗನ್ನಡದ ಮಾತು. ತಮಿಳಿನ ‘ವಿಳೈ’ ಎಂಬುದು ಇದರ ಒಡಹುಟ್ಟು. ಅಲ್ಲಿ ವಕಾರದಿಂದ ಮೊದಲಾಗುವ ಎಷ್ಟೋ ಮಾತುಗಳು ಕನ್ನಡದಲ್ಲಿ ಬಕಾರದಿಂದ ಮೊದಲಾಗುವುವು. ಅಲ್ಲಿಯ ವೇರ್ ಇಲ್ಲಿ ಬೇರು, ಅಲ್ಲಿಯ ವಿಲ್ ಇಲ್ಲಿ ಬಿಲ್ಲು. ವಿಶೇಷವೇನೆಂದರೆ, ಬೆಳೆ ಎಂಬುದು ಕ್ರಿಯೆಯೂ ಹೌದು, ನಾಮವೂ ಹೌದು. ದೊಡ್ಡದಾಗುವುದೂ ಬೆಳೆಯುವುದೇ, ಕಡೆಗೆ ಕೈಸೇರುವ ಫಲವೂ ಬೆಳೆಯೇ. ಬರಿಯ ಎತ್ತರವಾಗುವುದು ಅದರ ಪೂರ್ಣಾರ್ಥವಲ್ಲ. ಕಾಳುಗಟ್ಟುವುದೂ ಅದರೊಳಗೆ ಸೇರಿದೆ. ಪುಸ್ತಕಗಳಿಗೂ ಇದೇ ನಿಯಮ. 1853ರಲ್ಲಿ ಈ ದೇಶಕ್ಕೆ ಬಂದ ಕಿಟ್ಟೆಲರ ಕನ್ನಡ ಕೋಶವು ಮಂಗಳೂರಿನ ಬಾಸೆಲ್ ಮಿಷನ್ನಿನ ಮುಖಾಂತರ ಅಚ್ಚಾಗಿ ಹೊರಬಂದದ್ದು 1894ರಲ್ಲಿ.

ನಮ್ಮ ಸೀಮೆಯ ಹಿಂಗಾರಿ ಜೋಳವನ್ನು ನೋಡಿರಿ. ಮಳೆಗಾಲದ ಕೊನೆಗೆ ಬಿತ್ತಿದ ಬೀಜವು ಎರೆಮಣ್ಣಿನ ಹಸಿಯನ್ನೇ ನಂಬಿ ಮೇಲೇಳುತ್ತದೆ. ದಂಟು ಆಳೆತ್ತರವಾದ ಮೇಲೆ ತೆನೆ ಹೊರಡುತ್ತದೆ. ತೆನೆಯಲ್ಲಿ ಮೊದಲು ಹಾಲು ತುಂಬುತ್ತದೆ. ಆಮೇಲೆ ಸೀತನಿಯ ಕಾಲ. ಸಿಹಿಯಾದ ತೆನೆಯಾದುದರಿಂದ ಅದಕ್ಕೆ ಆ ಹೆಸರು. ಅದನ್ನು ಸುಟ್ಟು ತಿಂದ ಸವಿ ನಮ್ಮವರಾರೂ ಮರೆಯರು. ಆದರೆ ಸೀತನಿಯನ್ನು ಕಣಜಕ್ಕೆ ತುಂಬುವವರುಂಟೆ? ಕಾಳು ಗಟ್ಟಿಯಾಗುವವರೆಗೆ ಒಕ್ಕಲಿಗನು ಕಾಯುತ್ತಾನೆ.

ಹೊಲದಲ್ಲಿ ಇಷ್ಟು ತಾಳ್ಮೆಯುಳ್ಳ ನಮ್ಮವರು ಮನೆಯಲ್ಲಿ ಅದೇ ಮಾತನ್ನು ಬೇರೆ ಬಗೆಯಾಗಿ ಆಡುತ್ತಿದ್ದರು. ನಮ್ಮ ಅಕ್ಕ ಆರನೆಯ ತರಗತಿಯಲ್ಲಿದ್ದಾಗ ಬಂಧುಗಳೊಬ್ಬರು ಜಗಲಿಯ ಮೇಲೆ ಕುಳಿತು, “ಹುಡುಗಿ ಬೆಳದಾಳ, ಇನ್ನ ಸಾಲಿ ಸಾಕು ಮಾಡ್ರಿ” ಎಂದರು. ಮರುವಾರದಿಂದ ಅಕ್ಕ ಶಾಲೆಗೆ ಹೋಗಲಿಲ್ಲ. ಅವಳ ಪಾಟಿಯು ಗೋಡೆಯ ಮಾಡದಲ್ಲಿ ಬಹುಕಾಲ ಇತ್ತು. ಲೆಕ್ಕದಲ್ಲಿ ಅವಳು ನಮಗಿಂತ ಚುರುಕಾಗಿದ್ದಳು. ಮೂರು ವರ್ಷಗಳ ಮೇಲೆ ಅದೇ ಬಂಧುಗಳು ಬಂದು ನಮ್ಮನ್ನು ನೋಡಿ ಅದೇ ಮಾತನ್ನಾಡಿದರು. ಆಗ ಒಳಗೆ ಹಿಟ್ಟು ನಾದುತ್ತಿದ್ದ ಅಜ್ಜಿಯು ಕೈ ತೊಳೆಯದೆ ಹೊರಗೆ ಬಂದು, “ಆಳೆತ್ತರ ಬೆಳದಾವಂತ ಹಾಲಗಾಳಿನ್ಯಾಗ ಜ್ವಾಳ ಕೊಯ್ತೀರೇನಪ್ಪಾ? ಒಂದು ಕೊಯ್ದದ್ದು ಸಾಕು” ಎಂದಳು. ತಂದೆಯವರು ಮಾತಾಡಲಿಲ್ಲ. ನಾವು ಈ ಶಾಲೆಗೆ ಬಂದೆವು. ಅಕ್ಕ ನಮ್ಮ ಬುತ್ತಿ ಕಟ್ಟಿಕೊಟ್ಟಳು.

ಕಾನೂನು ಸಹ ಒಮ್ಮೆಗೇ ಬೆಳೆಯಲಿಲ್ಲ. 1929ರ ಶಾರದಾ ಕಾಯಿದೆಯು ಬ್ರಿಟಿಷ್ ಆಡಳಿತದ ಸೀಮೆಗಳಲ್ಲಿ ಕನ್ಯೆಯ ಮದುವೆಗೆ 14 ವರ್ಷಗಳನ್ನು ನಿಯಮಿಸಿತು. ಆಗ ನಮ್ಮ ಆಳಂದ ಸೀಮೆಯು ನಿಜಾಮರ ರಾಜ್ಯದಲ್ಲಿತ್ತು. 1949ರಲ್ಲಿ ಅದು 15 ಆಯಿತು, 1978ರಲ್ಲಿ 18 ಆಯಿತು. ಒಂದು ಹೆಣ್ಣುಮಗುವಿನ ಬಾಲ್ಯಕ್ಕೆ ನಾಲ್ಕು ವರ್ಷಗಳನ್ನು ಕೂಡಿಸುವುದಕ್ಕೆ ದೇಶಕ್ಕೆ ಸುಮಾರು ಅರ್ಧ ಶತಮಾನ ಹಿಡಿಯಿತು.

ಬೆಳೆಯುವ ಸಿರಿ ಮೊಳಕೆಯಲ್ಲೇ ಎಂದು ಗಾದೆಯುಂಟು. ಅದು ನಿಜವೇ ಆದರೂ ಮೊಳಕೆಯನ್ನು ಕಂಡವರು ಸುಗ್ಗಿಯವರೆಗೆ ಕಾಯಬೇಕಲ್ಲವೆ? ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಮಗಳು ಬೆಳೆದಳು ಎಂಬ ಮಾತು ನಾಲಗೆಗೆ ಬಂದಾಗ, ಆ ಮಾತಿನ ಅರ್ಥವನ್ನು ಪೂರ್ತಿಯಾಗಿ ತೆಗೆದುಕೊಳ್ಳಿರಿ. ಇಲ್ಲಿ ನಮ್ಮೊಡನೆ ಕಲಿತ ಸೋದರಿಯರು ತಮ್ಮ ಮನೆಗಳಲ್ಲಿ ಆ ಅಜ್ಜಿಯ ಮಾತನ್ನು ಆಡಲಿ. ನಮಗಾಗಿ ಅದನ್ನು ಆಡುವವರು ಒಬ್ಬರಿದ್ದರು; ಅಕ್ಕನ ಕಾಲಕ್ಕೆ ಯಾರೂ ಆಡಲಿಲ್ಲ.