ಹಸಿವು ಕೊಟ್ಟ ತಿರುವು

1985ರ ಬರಗಾಲದಲ್ಲಿ ಮಮದಾಪುರದ ನಮ್ಮ ಮನೆಯ ಜೋಳದ ಹಗೇವು ಬರಿದಾಯಿತು. "ನೀ ಕಲಿ ತಮ್ಮಾ, ನಾ ದುಡೀತೀನಿ" ಎಂದು ಅಣ್ಣ ಶಾಲೆ ಬಿಟ್ಟ. ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಮಾಸ್ತರನಾದೆ.

ಜೀವಕೋಶದ ಪಾಠ ಬಂದಾಗ ಮಕ್ಕಳಿಗೆ ಲೋಳೆ ಬೂಷ್ಟಿನ ಕಥೆ ಹೇಳುತ್ತೇನೆ. ಹೆಸರು ಬೂಷ್ಟು; ನಿಜದಲ್ಲಿ ಅದು ಮಣ್ಣಿನಲ್ಲಿ ಬಿಡಿಬಿಡಿಯಾಗಿ ಬದುಕುವ ಅಮೀಬಾ, ಡಿಕ್ಟಿಯೋಸ್ಟೀಲಿಯಂ. ಬ್ಯಾಕ್ಟೀರಿಯಾ ಸಿಗುವವರೆಗೆ ತಿಂದು, ಬೆಳೆದು, ಇಬ್ಭಾಗವಾಗುತ್ತದೆ. ಆಗಲೇ ಒಂದು ಪ್ರೋಟೀನು ಸ್ರವಿಸಿ, ನೆರೆಯವರೆಷ್ಟು, ಆಹಾರವೆಷ್ಟು ಎಂದು ಅಂದಾಜು ಮಾಡುತ್ತಿರುತ್ತದೆ. ಆಹಾರ ತೀರಿತೋ, ಬೆಳವಣಿಗೆ ನಿಲ್ಲುತ್ತದೆ. ಸೈಕ್ಲಿಕ್ ಎಎಂಪಿ ಎಂಬ ರಾಸಾಯನಿಕದ ಕರೆಗೆ ಓಗೊಟ್ಟು ಸಾವಿರಾರು ಕೋಶಗಳು ಒಂದುಗೂಡುತ್ತವೆ. ಸುಮಾರು ಐದರಲ್ಲೊಂದು ಪಾಲು ಕಾಂಡವಾಗಿ ಸಾಯುತ್ತದೆ. ಉಳಿದವು ಅದರ ತುದಿಯಲ್ಲಿ ಬೀಜಕಗಳಾಗಿ ಒಳ್ಳೆಯ ದಿನಕ್ಕೆ ಕಾಯುತ್ತವೆ.

ಯಾವುದು ಕಾಂಡ, ಯಾವುದು ಬೀಜಕ? ಕ್ಯಾಲ್ಸಿಯಂ ಹೆಚ್ಚಿರುವ ಅಮೀಬಾಗಳು ಕಾಂಡದ ಕಡೆಗೆ ವಾಲುತ್ತವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾನಂದ ನಂಜುಂಡಯ್ಯ ಮತ್ತು ಸಂಗಡಿಗರು 1990ರ ದಶಕದಲ್ಲಿ ತೋರಿಸಿದರು. ಹಸಿವು ಬಂದಾಗ ಕೋಶ ಬೆಳವಣಿಗೆಯ ಯಾವ ಹಂತದಲ್ಲಿತ್ತು ಎಂಬುದೂ ಮುಖ್ಯ. ಆದರೆ ಇದು ಹಣೆಬರಹವಲ್ಲ. ಒಂದುಗೂಡಿದ ಗುಂಪನ್ನು ತುಂಡರಿಸಿದರೆ, ಕಾಂಡವಾಗಬೇಕಿದ್ದ ಕೋಶಗಳೂ ಬೀಜಕಗಳಾಗಬಲ್ಲವು.

ಈ ಮಾತು ಹೇಳುವಾಗಲೆಲ್ಲ ಅಣ್ಣ ನೆನಪಾಗುತ್ತಾನೆ. ಲೆಕ್ಕದಲ್ಲಿ ಅವನು ನನಗಿಂತ ಜಾಣ. ಬರ ಬಂದಾಗ ಅವನಿಗೆ ಹದಿನೇಳು, ನನಗೆ ಹದಿನೈದು, ಅಷ್ಟೇ ವ್ಯತ್ಯಾಸ. ಪಾಲಕರೇ, "ಇವ ಕಲಿಯುವವ, ಇವ ದುಡಿಯುವವ" ಎಂದು ಮಕ್ಕಳನ್ನು ಅವಸರದಿಂದ ವಿಂಗಡಿಸಬೇಡಿ. ಹೊಲದಿಂದ ಬಂದ ಅಣ್ಣ ಇಂದಿಗೂ ನನ್ನ ಮಗನ ಗಣಿತದ ಪುಸ್ತಕ ತಿರುವುತ್ತಾನೆ.