ಅಂಕಪಟ್ಟಿಯಲ್ಲಿ ಸಿಗದ ಅರ್ಥ

ರಗ್ಬಿ ನಮ್ಮ ಸೀಮೆಯ ಆಟವಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಮಣ್ಣಿನಲ್ಲಿ ಬೆಳೆದ ನಮಗೆ ಕುಸ್ತಿ, ಕಬಡ್ಡಿ, ಕ್ರಿಕೆಟ್ಟುಗಳೇ ಪರಿಚಿತ. ಆದರೂ ಕೆಲವು ವರ್ಷಗಳಿಂದ ನಾನು ಅಂತರರಾಷ್ಟ್ರೀಯ ರಗ್ಬಿ ಪಂದ್ಯಗಳನ್ನು ಆಸಕ್ತಿಯಿಂದ ನೋಡುತ್ತ ಬಂದಿದ್ದೇನೆ. ತಂಡಕ್ಕೆ ಹದಿನೈದು ಮಂದಿ, ಎಂಬತ್ತು ನಿಮಿಷಗಳ ಆಟ, ಮೊಟ್ಟೆಯಾಕಾರದ ಚೆಂಡು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಹಿಂದೆ ಬರುತ್ತಿರುವ ಸಂಗಾತಿಗೇ ಕೊಡಬೇಕು. ಮುನ್ನುಗ್ಗಬೇಕಾದರೆ ಹಿಂದಿನವರನ್ನು ನೆಚ್ಚಬೇಕೆಂಬ ಈ ನಿಯಮ ನನ್ನನ್ನು ಮೊದಲು ಸೆಳೆಯಿತು. ಹಿಡಿದು ನಿಲ್ಲಿಸಿದ್ದು ಮಾತ್ರ ಆಟಕ್ಕೆ ಮುಂಚಿನ ಕೆಲವು ನಿಮಿಷಗಳು: ತಂಡಗಳು ಸಾಲಾಗಿ ನಿಂತು ತಮ್ಮ ನಾಡಗೀತೆಗಳನ್ನು ಹಾಡುವ ಹೊತ್ತು.

ಈ ಆಟದ ಆಯೋಜಕರನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆಯೊಂದಿದೆ. ವಿಶ್ವಕಪ್ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ಅದರ ನಡುವೆ ಜುಲೈ ಮತ್ತು ನವೆಂಬರ್ ತಿಂಗಳುಗಳಲ್ಲಿ ಒಂದು ಗೋಳಾರ್ಧದ ತಂಡಗಳು ಇನ್ನೊಂದಕ್ಕೆ ಹೋಗಿ ಆಡುತ್ತವೆ. ಈ ಪಂದ್ಯಗಳಲ್ಲಿ ಗೆದ್ದರೂ ಸೋತರೂ ಮುಂದೇನೂ ಆಗುವುದಿಲ್ಲವಾದರೆ ಅಭಿಮಾನಿ ಏಕೆ ನೋಡಬೇಕು? ಇದಕ್ಕೆ ಉತ್ತರವಾಗಿ 2026ರಿಂದ ‘ನೇಷನ್ಸ್ ಚಾಂಪಿಯನ್‌ಶಿಪ್’ ಎಂಬ ಸ್ಪರ್ಧೆಯನ್ನು ರೂಪಿಸಲಾಗಿದೆ. ಹನ್ನೆರಡು ತಂಡಗಳು, ಅಂಕಪಟ್ಟಿ, ಕೊನೆಗೊಬ್ಬ ವಿಜೇತ.

ಈ ಉತ್ತರವನ್ನು ತಳ್ಳಿಹಾಕುವಂತಿಲ್ಲ. ನಮ್ಮ ಜಾತ್ರೆಗಳಲ್ಲಿಯೂ ಕೊನೆಯ ಕುಸ್ತಿಗೆ ಬೆಳ್ಳಿಯ ಕಡಗವಿಟ್ಟಾಗ ಕಣದ ಸುತ್ತ ಕುಳಿತ ಜನ ಎದ್ದು ನಿಲ್ಲುತ್ತಾರೆ. ಹಲಗೆಯ ಬಡಿತ ಬಿರುಸಾಗುತ್ತದೆ. ಆದರೆ ವರ್ಷಗಳು ಕಳೆದ ಮೇಲೆ ಕಡಗ ಎಷ್ಟು ತೊಲದ್ದೆಂದು ಯಾರೂ ಹೇಳುವುದಿಲ್ಲ. ಯಾವ ಊರಿನ ಪೈಲ್ವಾನ ಯಾರನ್ನು ಚಿತ್ ಮಾಡಿದನೆಂಬ ಕಥೆಯನ್ನೇ ಹೇಳುತ್ತಾರೆ. ಬಹುಮಾನ ಆ ದಿನದ ಕುತೂಹಲವನ್ನು ಹೆಚ್ಚಿಸಬಲ್ಲದು. ಅರ್ಥವನ್ನು ಉಳಿಸುವುದು ನೆನಪು.

ಕಲ್ಕತ್ತಾ ಕಪ್ಪಿನ ಇತಿಹಾಸ ಇದಕ್ಕೆ ನಿದರ್ಶನ. 1870ರ ದಶಕದಲ್ಲಿ ಕಲ್ಕತ್ತೆಯ ಆಂಗ್ಲರು ರಗ್ಬಿ ಕ್ಲಬ್ಬೊಂದನ್ನು ನಡೆಸುತ್ತಿದ್ದರು. ಬಂಗಾಳದ ಸೆಖೆಯಲ್ಲಿ ಆ ಆಟ ಬೇರೂರಲಿಲ್ಲ. 1878ರಲ್ಲಿ ಕ್ಲಬ್ಬು ಮುಚ್ಚಿದಾಗ ಖಾತೆಯಲ್ಲಿ ಉಳಿದ ಹಣವನ್ನು ಬೆಳ್ಳಿಯ ರೂಪಾಯಿಗಳಾಗಿ ಪಡೆದು, ಕರಗಿಸಿ, ಬಟ್ಟಲೊಂದನ್ನು ಮಾಡಿಸಿದರು. ಅದಕ್ಕೆ ನಾಗರಹಾವಿನ ಆಕಾರದ ಮೂರು ಹಿಡಿಕೆಗಳು, ಮುಚ್ಚಳದ ಮೇಲೊಂದು ಆನೆ. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು ಅದಕ್ಕಾಗಿ ಸೆಣಸುತ್ತಿವೆ. ಆ ವರ್ಷದ ಅಂಕಪಟ್ಟಿಯಲ್ಲಿ ಎರಡೂ ತಂಡಗಳು ಕೆಳಗಿದ್ದರೂ ಈ ಒಂದು ಪಂದ್ಯದ ಬಿಸಿ ಆರುವುದಿಲ್ಲ. ಮುಚ್ಚಿಹೋದ ಕ್ಲಬ್ಬಿನ ಕೆಲವು ನೂರು ರೂಪಾಯಿಗಳು ಇಷ್ಟು ಕಾಲ ಬಾಳಿವೆ. ಅವುಗಳ ಸುತ್ತ ಕಥೆ ಬೆಳೆದದ್ದೇ ಅದಕ್ಕೆ ಕಾರಣ.

ನೆನಪಿನಷ್ಟೇ ಮುಖ್ಯವಾದುದು ನುಡಿ. 1905ರ ಡಿಸೆಂಬರ್ 16ರಂದು ಕಾರ್ಡಿಫ್‌ನಲ್ಲಿ ವೇಲ್ಸ್ ಮತ್ತು ನ್ಯೂಜಿಲೆಂಡ್ ತಂಡಗಳು ಎದುರಾದವು. ನ್ಯೂಜಿಲೆಂಡಿನವರು ಮಾವೋರಿ ಪರಂಪರೆಯ ಹಾಕಾ ಕುಣಿತವನ್ನು ಪ್ರದರ್ಶಿಸಿದಾಗ ವೇಲ್ಸಿನ ಆಟಗಾರರು ಅದಕ್ಕುತ್ತರವಾಗಿ ತಮ್ಮ ಭಾಷೆಯ ಹಾಡೊಂದನ್ನು ಎತ್ತಿಕೊಂಡರು, ಕ್ರೀಡಾಂಗಣವೆಲ್ಲ ದನಿಗೂಡಿಸಿತು. 1856ರಲ್ಲಿ ಪಾಂಟಿಪ್ರಿದ್ ಎಂಬ ಊರಿನ ನೇಕಾರ ಇವಾನ್ ಜೇಮ್ಸ್ ಪದ ಬರೆದು, ಅವನ ಮಗ ರಾಗ ಕಟ್ಟಿದ ಹಾಡು ಅದು. ಪ್ರಾಚೀನವಾದ ತಮ್ಮ ನುಡಿ ಬಾಳಲಿ ಎಂಬ ಹಾರೈಕೆಯೊಂದಿಗೆ ಅದು ಮುಗಿಯುತ್ತದೆ. ಅದೇ ಶತಮಾನದಲ್ಲಿ ವೇಲ್ಸಿನ ಹಲವು ಶಾಲೆಗಳಲ್ಲಿ ತಾಯ್ನುಡಿಯಾಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ತೂಗುಹಾಕುವ ಶಿಕ್ಷೆಯಿತ್ತು. ಇದನ್ನರಿತವನಿಗೆ ಅಂದಿನ ಗಾಯನದ ತೂಕ ತಿಳಿಯುತ್ತದೆ. ಪಂದ್ಯವನ್ನು ವೇಲ್ಸ್ 3-0ಯಿಂದ ಗೆದ್ದಿತು. ಹಾಡು ಅದಕ್ಕಿಂತ ದೊಡ್ಡ ಗೆಲುವನ್ನು ಪಡೆಯಿತು: ಇಂದು ಅದೇ ಅವರ ನಾಡಗೀತೆ.

ಹಾಕಾ ಹೀಗೆ ಮೈದಾನದಲ್ಲಿ ಮೆರೆಯುತ್ತಿದ್ದರೂ ಮಾವೋರಿ ಭಾಷೆಗೆ ಅಷ್ಟು ಸುಲಭವಾಗಿ ಜಾಗ ದೊರೆಯಲಿಲ್ಲ. 1987ರಲ್ಲಿ ಅದು ನ್ಯೂಜಿಲೆಂಡಿನ ಅಧಿಕೃತ ಭಾಷೆಯಾಯಿತು. ಆದರೂ 1999ರ ವಿಶ್ವಕಪ್ಪಿನಲ್ಲಿ, ಲಂಡನ್ನಿನ ಟ್ವಿಕೆನ್ಹ್ಯಾಮ್ ಕ್ರೀಡಾಂಗಣದಲ್ಲಿ ಗಾಯಕಿ ಹಿನೆವೆಹಿ ಮೋಹಿ ನಾಡಗೀತೆಯನ್ನು ಮಾವೋರಿಯಲ್ಲಿ ಮಾತ್ರ ಹಾಡಿದಾಗ ತಾಯ್ನಾಡಿನಲ್ಲಿ ಹಲವರು ಸಿಡಿದೆದ್ದರು. ಆ ವಿವಾದದಿಂದಲೇ ಹೊಸ ರೂಢಿಯೊಂದು ಹುಟ್ಟಿತು. ಈಗ ಮೊದಲು ಮಾವೋರಿ, ಬಳಿಕ ಇಂಗ್ಲಿಷ್. ಇಡೀ ಕ್ರೀಡಾಂಗಣ ಎರಡನ್ನೂ ಹಾಡುತ್ತದೆ. ದಕ್ಷಿಣ ಆಫ್ರಿಕಾದ ಗೀತೆಯಲ್ಲಂತೂ ಐದು ಭಾಷೆಗಳಿವೆ.

ಬೆಳಗಿನ ಪ್ರಾರ್ಥನೆಯನ್ನು ಮೊದಲು ಕನ್ನಡದಲ್ಲಿ, ಮೇಲಿನ ತರಗತಿಗಳಲ್ಲಿ ಮರಾಠಿಯಲ್ಲಿ ಹೇಳಿ ಬೆಳೆದ ನನಗೆ ಇದು ವಿಚಿತ್ರವೆನಿಸುವುದಿಲ್ಲ. ಎರಡನೆಯ ನುಡಿ ಬಂದಾಗ ಮೊದಲನೆಯದು ಸರಿದು ಜಾಗ ಕೊಟ್ಟಿತೇ ಹೊರತು ಮನೆ ಬಿಟ್ಟು ಹೋಗಲಿಲ್ಲ. ಆದರೆ ಹಾಗೆ ಉಳಿಯಬೇಕಾದರೆ ಅದನ್ನು ನಾಲ್ಕು ಜನರ ನಡುವೆ, ಗಟ್ಟಿಯಾಗಿ, ಸಂಕೋಚವಿಲ್ಲದೆ ಆಡುವ ಸಂದರ್ಭಗಳು ಬೇಕು. ಕಾರ್ಡಿಫಿನ ಜನರಿಗೆ ರಗ್ಬಿ ಅಂಥ ಸಂದರ್ಭವನ್ನು ಒದಗಿಸಿತು. ಅಲ್ಲಿ ವೆಲ್ಷ್ ಬಾರದವರೂ ಆ ಹಾಡಿನ ಪದಗಳನ್ನು ಬಾಯಿಪಾಠ ಮಾಡಿಕೊಂಡು ದನಿಗೂಡಿಸುತ್ತಾರೆ.

ಆದ್ದರಿಂದ ಪಂದ್ಯಗಳನ್ನು ಅರ್ಥಪೂರ್ಣಗೊಳಿಸಲು ಹೊರಟವರು ಅಂಕಪಟ್ಟಿಯನ್ನು ಸಿದ್ಧಪಡಿಸಿ ಸುಮ್ಮನಾಗಬಾರದು. ಯಾರು ಯಾರನ್ನು ಹಿಂದೆ ಎಲ್ಲಿ ಎದುರಿಸಿದರು, ಈ ಹಾಡು ಯಾರದು, ಈ ಕುಣಿತ ಎಲ್ಲಿಂದ ಬಂತು ಎಂಬುದನ್ನು ಹೊಸ ಪ್ರೇಕ್ಷಕನಿಗೆ ಹೇಳಬೇಕು. ಯಾರು ಕಣದ ಹೊರಗಿದ್ದಾರೆ ಎಂಬುದನ್ನೂ ಕೇಳಿಕೊಳ್ಳಬೇಕು. ಹೊಸ ಸ್ಪರ್ಧೆಯ ಹನ್ನೆರಡು ತಂಡಗಳಲ್ಲಿ ಫಿಜಿ ಇದೆ. ಸಮೋವಾ ಇಲ್ಲ, ಟೋಂಗಾ ಇಲ್ಲ. ಈ ಪುಟ್ಟ ದ್ವೀಪಗಳ ಮೂಲದ ಆಟಗಾರರು ದೊಡ್ಡ ದೇಶಗಳ ತಂಡಗಳಲ್ಲಿ ಮಿಂಚುತ್ತಾರೆ. ಆದರೆ ಅವರ ತಾಯ್ನಾಡಿನ ತಂಡಗಳಿಗೆ, ಅವುಗಳ ಹಾಡು-ಕುಣಿತಗಳಿಗೆ ಆ ಕಣದಲ್ಲಿ ಜಾಗವಿಲ್ಲ. ಚಿಕ್ಕವರನ್ನು ಹೊರಗಿಟ್ಟ ಸ್ಪರ್ಧೆ ಎಷ್ಟು ಅಚ್ಚುಕಟ್ಟಾಗಿದ್ದರೂ ಅದರ ಅರ್ಥ ಅಷ್ಟಕ್ಕಷ್ಟೇ.

ವಿದ್ಯಾರ್ಥಿ ಮಿತ್ರರೇ, ಐಚ್ಛಿಕ ಕನ್ನಡವನ್ನು ಆರಿಸಿಕೊಂಡ ನಿಮ್ಮನ್ನು ‘ಇದರಿಂದೇನು ಪ್ರಯೋಜನ?’ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ಅಂಕಪಟ್ಟಿಯ ಕಡೆಯಿಂದ ಬರುವ ಪ್ರಶ್ನೆ. ಅದಕ್ಕೂ ಉತ್ತರ ಬೇಕು; ಓದು ಅನ್ನ ಕೊಡಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇವಾನ್ ಜೇಮ್ಸ್ ಪದ ಕಟ್ಟಿದಾಗ ಅದು ಅರ್ಧ ಶತಮಾನದ ನಂತರ ಕ್ರೀಡಾಂಗಣವೊಂದನ್ನು ತುಂಬೀತೆಂದು ಅವನಿಗೆ ತಿಳಿದಿರಲಿಲ್ಲ. ಅಲ್ಲಿಯವರೆಗೆ ಯಾರೋ ಅದನ್ನು ಕಲಿತರು, ಕಲಿಸಿದರು, ಹಾಡುತ್ತ ಉಳಿದರು. ಈ ಗಡಿಯಲ್ಲಿ ಕುಳಿತು ಕನ್ನಡ ಓದುತ್ತಿರುವ ನೀವು ಮಾಡುತ್ತಿರುವುದೂ ಆ ಕೆಲಸವನ್ನೇ.