ಚೆಂಡು ಯಾರಿಗೆ ಕೊಡೋಣ?

2018ರ ಜೂನ್ 4ರ ರಾತ್ರಿ. ಅಂಧೇರಿ ಮೈದಾನದಲ್ಲಿ ಭಾರತಕ್ಕೂ ಕೀನ್ಯಾಕ್ಕೂ ಫುಟ್‌ಬಾಲ್ ಪಂದ್ಯ. ಆಕಾಶ ತೂತುಬಿದ್ದ ಹಾಗೆ ಮಳೆ. ನನಗಾಗ ಹನ್ನೆರಡು ವರ್ಷ. ಹೋಟೆಲಿನ ಗಲ್ಲಾ ಬೇರೆಯವರಿಗೆ ಒಪ್ಪಿಸಿ ಮಾವ ನನ್ನನ್ನು ಕರಕೊಂಡು ಹೋಗಿದ್ದರು.

ಮೂರು ದಿನದ ಹಿಂದೆ ಅದೇ ಮೈದಾನದಲ್ಲಿ ಭಾರತ ಚೈನೀಸ್ ತೈಪೆಗೆ ಐದು ಗೋಲು ಹೊಡೆದಾಗ ನೋಡಲು ಬಂದವರು ಬರೇ ಎರಡೂವರೆ ಸಾವಿರ ಜನ. ಬಯ್ಯೋದಕ್ಕಾದರೂ ಸರಿ, ಬನ್ನಿ ಅಂತ ನಾಯಕ ಸುನಿಲ್ ಛೇತ್ರಿ ಎಲ್ಲರನ್ನೂ ಕೇಳಿಕೊಂಡ. ಜನ ಬಂದರು. ಅದು ಅವನ ನೂರನೇ ಪಂದ್ಯ. ಭಾರತ 3–0 ಗೆದ್ದಿತು. ಎರಡು ಗೋಲು ಅವನವೇ. ನೆನೆದು ತೊಪ್ಪೆಯಾಗಿ ಮನೆಗೆ ಬಂದು ಅಜ್ಜಿಯ ಹತ್ತಿರ ಬೈಸಿಕೊಂಡೆ. ಛೇತ್ರಿ ಇರುವಾಗ ನಮಗೇನು ಚಿಂತೆ, ಅಂದುಕೊಂಡು ಮಲಗಿದೆ.

ಆ ಮಾತೇ ಈಗ ಚುಚ್ಚುತ್ತೆ.

ನಮ್ಮ ಗಲ್ಲಿಯ ತಂಡದಲ್ಲೂ ಒಬ್ಬ ಛೇತ್ರಿ ಇದ್ದಾರೆ. ವಯಸ್ಸು ಮೂವತ್ತೆಂಟು. ನಾವೆಲ್ಲ ದೊಡ್ಡಣ್ಣ ಅಂತೀವಿ. ಚೆಂಡು ಸಿಕ್ಕಿದರೆ ಅವರಿಗೆ ಕೊಡು — ನಮ್ಮ ವ್ಯೂಹವೆಲ್ಲ ಇಷ್ಟೇ. ಹೋದ ಮಳೆಗಾಲದ ಸೆಮಿಫೈನಲ್ಲಿನಲ್ಲಿ ಗೋಲಿನ ಮುಂದೆ ನಾನೊಬ್ಬನೇ ಇದ್ದೆ. ಹೊಡೀಬೇಕಿತ್ತು. ಹೊಡೀಲಿಲ್ಲ. ದೊಡ್ಡಣ್ಣ ಓಡಿ ಬರಲಿ ಅಂತ ಕಾದೆ. ಅವರು ಬರೋದರೊಳಗೆ ಎದುರಿನವರು ಚೆಂಡು ಕಸಕೊಂಡು ಹೋಗಿ ಗೋಲು ಮಾಡಿದರು.

“ಯಾಕೋ ಹೊಡೀಲಿಲ್ಲ?”

“ನೀವಿದ್ದೀರಲ್ಲ ಅಣ್ಣಾ.”

ಅವರು ಏನೂ ಹೇಳಲಿಲ್ಲ. ಮೊಣಕಾಲಿಗೆ ಐಸು ಒತ್ತಿಕೊಂಡು ಕೂತರು.

ಛೇತ್ರಿಯ ಕತೆ ಬೇರೆಯೇನಲ್ಲ. 2005ರಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಮೊದಲ ಪಂದ್ಯದಲ್ಲೇ ಗೋಲು ಹೊಡೆದವನು, 2024ರ ಜೂನ್ 6ರಂದು ಕಲ್ಕತ್ತದಲ್ಲಿ ಕುವೈತ್ ಜೊತೆ ಆಡಿ ವಿದಾಯ ಹೇಳಿದ. 151 ಪಂದ್ಯ, 94 ಗೋಲು. ಆ ದಿನ ಮಾತ್ರ ಯಾರಿಂದಲೂ ಗೋಲು ಬರಲಿಲ್ಲ. ಆ ಇಡೀ ವರ್ಷ ಭಾರತ ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ. 2025ರ ಮಾರ್ಚಿನಲ್ಲಿ, ನಲವತ್ತು ತುಂಬಿದ ಮೇಲೆ, ಅವನನ್ನೇ ಮತ್ತೆ ಕರೆದರು. ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ವಿರುದ್ಧ 95ನೆಯ ಗೋಲು ಹೊಡೆದ. ನಾವು ಕುಣಿದೆವು. ಅದೇ ಅಕ್ಟೋಬರಿನಲ್ಲಿ ಮಡಗಾಂವ್‌ನಲ್ಲಿ ಸಿಂಗಾಪುರದ ಎದುರು 2–1 ಸೋತು, 2027ರ ಏಷ್ಯಾ ಕಪ್ಪಿನ ಬಾಗಿಲು ಮುಚ್ಚಿತು.

ಕರೆದವರನ್ನು ಬಯ್ಯೋದು ಸುಲಭ. ಆದರೆ 2024–25ರ ಲೀಗಿನಲ್ಲಿ ಬೆಂಗಳೂರಿನ ಪರವಾಗಿ ಅವನು ಹೊಡೆದ ಗೋಲು 14. ಭಾರತೀಯರಲ್ಲಿ ಅವನೇ ಮುಂದು. ಉಳಿದ ಹುಡುಗರು ಎಲ್ಲಿ? ಕ್ಲಬ್ಬುಗಳು ಗೋಲು ಹೊಡೆಯುವ ಜಾಗಕ್ಕೆ ಹೆಚ್ಚಾಗಿ ವಿದೇಶಿಯರನ್ನೇ ತರುತ್ತವೆ. ನಮ್ಮವರು ಪಕ್ಕದಲ್ಲಿ ಓಡಿ ಚೆಂಡು ಒಪ್ಪಿಸುತ್ತಾರೆ. ಅಲ್ಲೂ ನನ್ನಂಥವರೇ! ಹೊಡೆಯುವ ಅಭ್ಯಾಸವೇ ಇಲ್ಲದವನು ದೇಶದ ಅಂಗಿ ಹಾಕಿದ ಕೂಡಲೇ ಹೊಡೀತಾನಾ?

ಹಾಗಂತ ಎಲ್ಲಾ ಮುಗೀತು ಅನ್ನೋ ಹಾಗೂ ಇಲ್ಲ. ಸಿಂಗಾಪುರಕ್ಕೆ ಸೋಲುವ ತಿಂಗಳ ಮೊದಲು, 2025ರ ಸೆಪ್ಟೆಂಬರಿನಲ್ಲಿ, ಖಾಲಿದ್ ಜಮೀಲ್ ಛೇತ್ರಿ ಇಲ್ಲದ ತಂಡವನ್ನು ತಜಿಕಿಸ್ತಾನದಲ್ಲಿ ಆಡಿಸಿದರು. ಅಲ್ಲಿ ಒಮಾನನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ ತಂದರು. ಯಾರಿಗೆ ಕೊಡೋಣ ಅಂತ ಹುಡುಕಲು ಅಲ್ಲಿ ಅವನೇ ಇರಲಿಲ್ಲವಲ್ಲ.

ಈ ಸಲ ದೊಡ್ಡಣ್ಣ ಆಡಲಿಲ್ಲ. ಚಪ್ಪಲಿ ಹಾಕಿಕೊಂಡು ಗೆರೆಯ ಹೊರಗೆ ಕೂತಿದ್ದರು. ಚೆಂಡು ನನಗೇ ಬಂತು. ಅಭ್ಯಾಸಬಲ, ಒಂದು ಸಲ ಅವರ ಕಡೆ ತಿರುಗಿ ನೋಡಿದೆ. ಅವರು ಮುಖ ಆಚೆ ತಿರುಗಿಸಿಕೊಂಡರು.

ಹೊಡೆದೆ. ಕಂಬದ ಮೇಲೆ ಹಾರಿ ಗಟಾರಕ್ಕೆ ಬಿತ್ತು. ಎಲ್ಲರೂ ಬಯ್ದರು. ದೊಡ್ಡಣ್ಣನೊಬ್ಬರೇ ಎದ್ದು, ಕುಂಟುತ್ತಾ ಹೋಗಿ, ಚೆಂಡು ತೊಳೆದು ತಂದು ನನ್ನ ಕೈಗೆ ಕೊಟ್ಟರು.